ಬಂಡೆಮನೆಯ ಕಾಗೆಯವರ ಸನ್ನಿಧಿಗೆ

ನ್ಯೂ ಮೆಕ್ಸಿಕೋ ಮರುಭೂಮಿಯ ಬಂಡೆಮನೆಗಳ ಕೆಳಗೆ, ಪಾರ್ಕಿಂಗ್ ಜಾಗದಲ್ಲಿ ಖಾಯಂ ಬಿಡಾರ ಹೂಡಿರುವ ಕರಿಕೋಟಿನ ಮಾನ್ಯರೇ,

ತಾವು ಪುಕ್ಕ ಕೊಂಕದೆ ಸೌಖ್ಯವಾಗಿರುವಿರೆಂದು ನಂಬಿ, ಹೂಸ್ಟನ್ ಪಕ್ಕದ ಮಿಸೌರಿ ಸಿಟಿಯಿಂದ ಸುಚೇತಾ ಮಾಡುವ ನಮಸ್ಕಾರಗಳು. ಕಳೆದ ಶನಿವಾರ ತಾವು ಸ್ವೀಕರಿಸಿದ ಪುಳಿಯೋಗರೆ ನಮ್ಮ ಮಧ್ಯಾಹ್ನದ ಊಟವಾಗಿತ್ತೆಂದು ವಿನಯಪೂರ್ವಕವಾಗಿ ನೆನಪಿಸಲು ಈ ಪತ್ರ. ಹಿಂದಿನ ದಿನ ನೋಡಿದ ಬೆಳ್ಳಿಗಣಿಯ ಹಳೇ ಊರಿನಲ್ಲಿ ಪಾಳುಬಿದ್ದ ಬ್ಯಾಂಕು, ಬಾಗಿಲಿಲ್ಲದ ಜೈಲು ಎಲ್ಲವೂ ಇದ್ದು ಒಂದು ಹೋಟೆಲು ಮಾತ್ರ ಇರಲಿಲ್ಲವಾದ್ದರಿಂದ, ತಮ್ಮಲ್ಲೂ ಅದೇ ಗತಿಯಾದೀತೆಂದು ನಮ್ಮ ಅತ್ತೆ ಅಲಮೇಲು ಅವರು ಬೆಳಿಗ್ಗೆ ಬೇಗ ಎದ್ದು, ಮೋಟೆಲ್ಲಿನ ಬಾತ್‌ರೂಮಿನ ಪ್ಲಗ್ಗಿಗೆ ರೈಸ್ ಕುಕ್ಕರ್ ಸಿಕ್ಕಿಸಿ ಅನ್ನ ಮಾಡಿ ಕಲಸಿದ್ದು ಅದು.

ನಾವು ಏಣಿ ಹತ್ತಿ ಬಂಡೆಯೊಳಗಿನ ಮನೆಗಳನ್ನು ನೋಡುತ್ತಿದ್ದಾಗ ತಾವು ಕೆಳಗೆ ಪಿಕ್ನಿಕ್ ಮೇಜಿನ ಮೇಲೆ ನಾವು ಬಿಟ್ಟಿದ್ದ ಚೀಲದ ಜಿಪ್ಪು ಎಳೆದು, ಡಬ್ಬಿಯ ಮುಚ್ಚಳ ತೆಗೆದ ನಾಜೂಕು ಮೆಚ್ಚತಕ್ಕದ್ದು. ನನ್ನ ಪತಿ ಪ್ರದ್ಯುಮ್ನ ಅವರಿಗೆ ಮದುವೆಯಾದಾಗಿನಿಂದ ಆ ವಿದ್ಯೆ ಒಲಿದಿಲ್ಲ.

ನನ್ನ ನಿಜವಾದ ದೂರು ಬೇರೆ. ಹೋದ ತಿಂಗಳು ನಮ್ಮ ಮಾವನವರ ತಿಥಿಯಲ್ಲಿ ಹಿತ್ತಲಿನಲ್ಲಿಟ್ಟ ಪಿಂಡವನ್ನು ಟೆಕ್ಸಸ್ಸಿನ ಕಾಗೆಗಳು ಬೇಲಿಯ ಮೇಲೆ ಕೂತು ನೋಡಿ, ಮುಟ್ಟದೆ ಹಾರಿಹೋದವು. ಮಾವನವರಿಗೇನೋ ನಮ್ಮ ಮೇಲೆ ಬೇಸರವೆಂದು ಅತ್ತೆ ಅಂದಿನಿಂದ ಸರಿಯಾಗಿ ಊಟವನ್ನೇ ಮಾಡಿರಲಿಲ್ಲ. ಮನಸ್ಸು ಹಗುರಾಗಲೆಂದೇ ಈ ಪ್ರವಾಸ ಹೊರಟದ್ದು. ಮೇಲೆ, ಬಂಡೆಮನೆಗಳ ಕಾವಲಿಗಿರುವ ರೇಂಜರ್ ಸಾಹೇಬರು, ಈ ಮನೆಗಳನ್ನು ಕಟ್ಟಿದವರ ವಂಶದವರು ತಮ್ಮ ಹಿರಿಯರು ಇಂದಿಗೂ ಇಲ್ಲೇ ಇದ್ದಾರೆಂದು ನಂಬುತ್ತಾರೆ ಎಂದಾಗ, ಅತ್ತೆ ಕೂಡಲೇ ಶೂ ಬಿಚ್ಚಿ ಕೈಮುಗಿದರು. ಕೆಳಗಿಳಿದು ಬಂದರೆ ಡಬ್ಬಿಯೊಳಗೆ ತಾವು!

ತಮ್ಮನ್ನು ಓಡಿಸಲು ಹೋದ ನನ್ನ ಪತಿಯ ಕೈ ಹಿಡಿದು ಅತ್ತೆ ತಡೆದರು. ಪ್ರದ್ಯುಮ್ನ ಫೋನಿನಲ್ಲಿ ಹುಡುಕಿ, ತಾವು ಕಾಗೆಯೇ ಅಲ್ಲ, ರೇವನ್ ಎಂಬ ಬೇರೆ ಜಾತಿ ಎಂದು ವಾದಿಸಿದರು. "ಊರು ದೊಡ್ಡದು, ಕಾಗೇನೂ ದೊಡ್ಡದಾಗಿದೆ, ಅಷ್ಟೇ" ಎಂದುಬಿಟ್ಟರು ಅತ್ತೆ. ಇಲ್ಲಿ ಪ್ರಾಣಿಪಕ್ಷಿಗಳಿಗೆ ಆಹಾರ ಹಾಕಬಾರದೆಂದು ರೇಂಜರ್ ಬಂದು ಎಚ್ಚರಿಸಿದರೆ, "ನಾವು ಹಾಕ್ಲಿಲ್ಲಪ್ಪ, ಅವರೇ ತಗೊಂಡ್ರು" ಎಂದು ಕನ್ನಡದಲ್ಲೇ ಉತ್ತರ ಕೊಟ್ಟರು.

ತಾವು ಪುಳಿಯೋಗರೆ ಮುಗಿಸಿ, ಹಪ್ಪಳ ಮುರಿದು ತಿಂದು, ಪಕ್ಕದ ಡಬ್ಬಿಯ ಹಾಗಲಕಾಯಿ ಗೊಜ್ಜಿಗೆ ಒಮ್ಮೆ ಕೊಕ್ಕು ಅದ್ದಿ, ತಲೆ ಕೊಡವಿ ಹಾರಿಹೋದಿರಿ. ಮಾವನವರು ಬದುಕಿರುವತನಕ ಹಾಗಲಕಾಯಿ ಮುಟ್ಟಿದವರಲ್ಲ. ಅತ್ತೆ ಆ ಡಬ್ಬಿ ನೋಡಿ ನಗುತ್ತಲೇ ಅತ್ತರು. "ಅಲ್ಲಿಗೆ ಹೋದ್ರೂ ಬುದ್ಧಿ ಬಂದಿಲ್ಲ ನೋಡು ಇವರಿಗೆ" ಎಂದರು. ತಿಂಗಳಿನಿಂದ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಆದಕಾರಣ, ಮುಂದಿನ ತಿಥಿಗೆ ತಾವೇ ಮಿಸೌರಿ ಸಿಟಿಗೆ ದಯಮಾಡಿಸಬೇಕೆಂದೂ, ತಪ್ಪಿದಲ್ಲಿ ಅತ್ತೆ ಪ್ರತಿವರ್ಷ ನಮ್ಮನ್ನು ಮರುಭೂಮಿಗೆ ಡ್ರೈವ್ ಮಾಡಿಸುವುದು ಖಚಿತವಾಗಿರುವುದರಿಂದ, ನಮ್ಮ ಟೆಕ್ಸಸ್ಸಿನ ಕಾಗೆಗಳಿಗಾದರೂ ತಾವು ಒಂದು ಮಾತು ಹೇಳಬೇಕೆಂದೂ ಪ್ರಾರ್ಥನೆ.

ಹಸಿದ ಹೊಟ್ಟೆಯಲ್ಲೂ ತಮ್ಮ ವಿಶ್ವಾಸಿ,
ಸುಚೇತಾ

ತಾ.ಕ.: ಬೇರೆ ಗತಿಯಿಲ್ಲದೆ ಆ ಗೊಜ್ಜನ್ನು ನಾನು ತಿಂದೆ. ತಮ್ಮದೂ ಮಾವನವರದೂ ತೀರ್ಮಾನ ಸರಿಯಾಗಿಯೇ ಇತ್ತು. ಪತ್ರ ಬಹಿರಂಗವಾದರೂ ಈ ಒಂದು ಸಾಲು ಅತ್ತೆಯವರ ಕಿವಿಗೆ ಬೀಳದಿರಲಿ.