ಭೂಮಧ್ಯ ಸಮುದ್ರಕ್ಕೆ ಹೊರಟ ಜಗದೀಶ ಮಾಸ್ತರರು

ಹೊನ್ನಾವರದ ಹೈಸ್ಕೂಲಿನಲ್ಲಿ ಜಗದೀಶ ಮಾಸ್ತರರು ಮೂವತ್ತು ವರ್ಷ ಭೂಮಧ್ಯ ಸಮುದ್ರದ ಹವಾಗುಣವನ್ನು ಪಾಠ ಮಾಡಿದ್ದರು. ಚಳಿಗಾಲದಲ್ಲಿ ಮಳೆ, ಬೇಸಿಗೆಯಲ್ಲಿ ಒಣಹವೆ, ದ್ರಾಕ್ಷಿ, ಆಲಿವ್. (ಆಲಿವ್ ಹೇಗಿರುತ್ತದೆ ಎಂದು ಮಕ್ಕಳು ಕೇಳಿದರೆ, ನಮ್ಮ ಅಂಬಟೆಕಾಯಿಯ ತಮ್ಮ ಎನ್ನುತ್ತಿದ್ದರು.) ಇಷ್ಟಾದರೂ ಆ ಗಾಳಿ ಒಮ್ಮೆಯೂ ಮೈಗೆ ಸೋಕಲಿಲ್ಲವಲ್ಲ ಎಂಬುದು ಅವರ ಕೊರಗು.

ಎರಡು ಸಾವಿರದ ಒಂದನೇ ಇಸವಿಯಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಇಂಟರ್‌ನೆಟ್ ಅಂಗಡಿ ತೆರೆಯಿತು. ಗ್ರೀಸಿನಲ್ಲಿ ಇಡೀ ಹಾಯಿದೋಣಿಯನ್ನೇ ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ, ನಾವೇ ನಡೆಸಿಕೊಂಡು ಬೇಕಾದ ದ್ವೀಪದಲ್ಲಿ ಇಳಿಯಬಹುದು ಎಂಬ ಮಹಾಸತ್ಯ ಅಲ್ಲಿ ಅವರಿಗೆ ಗೋಚರಿಸಿತು. ನಿವೃತ್ತಿಯಾದ ವರ್ಷವೇ ಹೊರಡುವುದೆಂದು ನಿಶ್ಚಯಿಸಿ, ಬಿಳಿ ಹಾಯಿಯ ಚಿತ್ರವೊಂದನ್ನು ಪ್ರಿಂಟ್ ಹಾಕಿಸಿ ತಂದು, ಹಾಯಿದೋಣಿಯಲ್ಲಿ ಹಾಯಾಗಿ ಹೋಗೋಣ ಎಂದು ಹೆಂಡತಿ ಗಣಪಿಗೆ ತೋರಿಸಿದರು.

ಗಣಪಿ ತದಡಿಯ ಮೀನುಗಾರರ ಮಗಳು. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಹಾಯಿ ಇಷ್ಟು ಬಿಗಿ ಕಟ್ಟಿರೆ ಗಾಳಿ ತಿರುಗ್ದಾಗ ಎಂತ ಮಾಡ್ತ್ರು?" ಎಂದಳು.

ಮಾಸ್ತರರು ನಕ್ಕುಬಿಟ್ಟರು. ಹೆಣ್ಣು ನೋಡಲು ಹೋದಾಗ ಎಷ್ಟನೇ ಇಯತ್ತೆ ಓದಿದ್ದು ಎಂದು ಕೇಳಿದ್ದೊಂದು ಬಿಟ್ಟರೆ, ಇಪ್ಪತ್ತಾರು ವರ್ಷಗಳಲ್ಲಿ ಅವಳ ತವರಿನ ದಿನಗಳ ಬಗ್ಗೆ ಅವರು ಏನನ್ನೂ ಕೇಳಿದವರಲ್ಲ.

ಬರೆದು ಕೇಳಿದ್ದಕ್ಕೆ ದೋಣಿಯ ಕಂಪನಿಯಿಂದ ಉತ್ತರ ಬಂತು. ಹೋಗುವವರಲ್ಲಿ ಒಬ್ಬರಿಗಾದರೂ ಹಾಯಿ ನಡೆಸಿದ ಅನುಭವ ಬೇಕಂತೆ. ಹಾಗಾಗಿ ಗ್ರೀಸಿಗೆ ಹೊರಟ ಮಾಸ್ತರರು ಮೊದಲು ಇಳಿದದ್ದು ತದಡಿಯಲ್ಲಿ. (ಗ್ರೀಸಿಗೆ ಅವರು ಹೋಗಲೇ ಇಲ್ಲ ಎಂಬುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.)

ಆ ಹೊತ್ತಿಗೆ ತದಡಿಯಲ್ಲಿ ಎಲ್ಲ ದೋಣಿಗಳಿಗೂ ಎಂಜಿನ್ ಬಂದಿತ್ತು. ಗಣಪಿಯ ತಮ್ಮ ಶಿವ ಅಟ್ಟದಿಂದ ತೀರಿಹೋದ ಅಪ್ಪನ ಹಾಯಿಯನ್ನು ಇಳಿಸಿ ಅಂಗಳದಲ್ಲಿ ಹರಡಿದ. ಹಳೆಯ ಉಪ್ಪಿನ ವಾಸನೆ ಅಂಗಳವನ್ನೆಲ್ಲ ತುಂಬಿತು. ಗಣಪಿ ಕುಕ್ಕರಗಾಲಲ್ಲಿ ಕೂತು ಒಂದು ತೇಪೆಯ ಮೇಲೆ ಬೆರಳಾಡಿಸುತ್ತ, ಇದು ತಾನೇ ಹೊಲಿದದ್ದು, ಆ ವರ್ಷ ಬಂಗಡೆ ಮೀನು ಬುಟ್ಟಿಗೆ ಹಿಡಿಸದಷ್ಟು ಬಂದಿತ್ತು ಎಂದಳು. ಮಾಸ್ತರರು ಆಗ ಗಾಳಿಯ ದಿಕ್ಕುಗಳನ್ನು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಮಾರನೇ ದಿನ ಶಿವನ ದೋಣಿಗೆ ಆ ಹಾಯಿ ಕಟ್ಟಿ ಮೂವರೂ ಹೊಳೆಗಿಳಿದರು. ಹಾಯಿಯ ಹಗ್ಗ ತಮ್ಮ ಕೈಯಲ್ಲೇ ಇರಬೇಕೆಂದು ಮಾಸ್ತರರು ಹಟ ಹಿಡಿದರು. ಹೊಳೆ ಸಮುದ್ರ ಸೇರುವ ಅಳಿವೆ ಹತ್ತಿರವಾಗುವವರೆಗೆ ಅವರ ನೌಕಾಧಿಪತ್ಯ ಸುಸೂತ್ರವಾಗಿಯೇ ಸಾಗಿತು. ಅಲ್ಲಿ ಗಾಳಿ ತಿರುಗಿತು. ಬಿಡಬೇಕಾದ ಹಗ್ಗವನ್ನು ಅವರು ಎಳೆದರು. ದೋಣಿ ಒಂದು ಮಗ್ಗುಲಿಗೆ ವಾಲಿ ನೀರು ಒಳಗೆ ಬಂತು, ನೋಟುಪುಸ್ತಕ ಹೊರಗೆ ಹೋಯಿತು. ಬೆಳಗ್ಗೆ ತಿಂದ ಎಂಟು ದೋಸೆಯೂ ಅದನ್ನೇ ಹಿಂಬಾಲಿಸಿತು.

"ಹಗ್ಗ ಇತ್ಲಾಗೆ ಕೊಡಿ," ಎಂದಳು ಗಣಪಿ. "ತಲೆ ತಗ್ಗಿಸ್ಕಂಡು ಕೂತ್ಕಳಿ."

ಸೀರೆಯ ಕಚ್ಚೆ ಬಿಗಿದು, ದೋಣಿಯ ಅಂಚಿಗೆ ಪಾದ ಕೊಟ್ಟು, ಅವಳು ಹಗ್ಗವನ್ನು ಸಡಿಲ ಬಿಟ್ಟಳು. ಗಾಬರಿಯಾಗಿದ್ದ ದೋಣಿ ಗುರುತಿನವರ ದನಿ ಕೇಳಿದ ದನದಂತೆ ತಣ್ಣಗಾಯಿತು. ತಾನು ಹುಟ್ಟುವವರೆಗೆ, ಹುಟ್ಟಿದ ಮೇಲೂ ಹತ್ತು ವರ್ಷ, ಅಪ್ಪನ ದೋಣಿಯಲ್ಲಿ ಹಗ್ಗ ಹಿಡಿದವಳು ಅಕ್ಕನೇ ಎಂದು ಶಿವ ಭಾವನ ಬೆನ್ನು ನೀವುತ್ತ ಹೇಳಿದ. ಮಾಸ್ತರರು ತಲೆ ಎತ್ತಿ ನೋಡಿದರು. ಅವರ ಕಣ್ಣಿಗೆ, ಹಾಯಿಯ ಕೆಳಗೆ ನಿಂತಿದ್ದವಳಿಗೆ ಹದಿನೆಂಟು ವರ್ಷವೂ ಆಗಿರಲಿಲ್ಲ.

ಅವಳು ದೋಣಿಯನ್ನು ದೋಣಿ ಕಟ್ಟುವ ಧಕ್ಕೆಗೆ ತಂದು ಮುಟ್ಟಿಸಿದಳು. ಗಂಡ, ತಮ್ಮ ಇಬ್ಬರೂ ಇಳಿಯುವವರೆಗೆ ಕಾದಳು. ತಾನು ಮಾತ್ರ ಇಳಿಯಲಿಲ್ಲ.

"ನೀವು ಮನೆಗೆ ಹೋಗಿ ಗಂಜಿ ಉಣ್ಣಿ. ನಾನು ಒಂದ್ ಸುತ್ತು ಹೋಗಿ ಬರ್ತೆ."

ಆತು ಎನ್ನದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಮೀನು ಒಣಗಿಸುತ್ತಿದ್ದ ಮುದುಕಿ ಈರಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ದೋಣಿಯನ್ನು ನೋಡಿದಳು, ಆಮೇಲೆ ಮಾಸ್ತರರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವು ನಮ್ ಗಣಪಿ ಗಂಡ್ನಾ? ಹಂಗಾರೆ ನೆಳ್ಳಲ್ಲಿ ಕೂತ್ಕಳಿ. ಅದು ಹಾಯಿ ಬಿಚ್ಚಿರೆ ಬೇಗ ಬರೂದಿಲ್ಲ."

ಮಾಸ್ತರರು ಕೂರಲಿಲ್ಲ. ತೇಪೆಯ ಹಾಯಿ ಆಚೆ ದಡದತ್ತ ಸಣ್ಣದಾಗುತ್ತ ಹೋಗುವುದನ್ನು ನೋಡುತ್ತ, ಹೆಂಡತಿ ಬಿಟ್ಟುಹೋಗಿದ್ದ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಧಕ್ಕೆಯ ತುದಿಯಲ್ಲೇ ನಿಂತರು.