ಐದಕ್ಕೆ ಪಾಸು, ಏಳಕ್ಕೆ ಫೇಲು

ಇಂಗ್ಲಿಷಿನ ದೊಡ್ಡ ದೊಡ್ಡ ಪದಗಳಿಗೆ ಹೆದರುವವರನ್ನು ಕಂಡರೆ ನನಗೆ ನಗು ಬರುತ್ತದೆ. ದೊಡ್ಡ ಪದಗಳು ಪಾಪದವು. ಅವಕ್ಕಿರುವುದು ಒಂದೇ ಅರ್ಥ, ನಿಘಂಟು ತೆಗೆದರೆ ಸಿಕ್ಕಿಬೀಳುತ್ತವೆ. ನಾವು ಹೆದರಬೇಕಾದದ್ದು ಚಿಕ್ಕ ಪದಗಳಿಗೆ. ಹೇಳದೆ ಕೇಳದೆ ಅಡುಗೆಮನೆಯವರೆಗೂ ನುಗ್ಗಿ, ತಾವೂ ಕನ್ನಡದವೇ ಎಂಬಂತೆ ಚಕ್ಕಂಬಕ್ಕಳ ಹಾಕಿ ಕೂತಿರುತ್ತವಲ್ಲ, ಅವಕ್ಕೆ. ಅಂಥದ್ದೊಂದು ಪದವನ್ನು ನಂಬಿ ನಾನು ಇಷ್ಟು ವರ್ಷ ಅನ್ನ ತಿಂದಿದ್ದೇನೆ. ಆ ಪದ ‘ಪಾಸ್’. ಅದರ ಅರ್ಥವೇನೆಂದು ಈಗ ನೀವು ಕೇಳಿದರೆ, ದೇವರಾಣೆಗೂ ನನಗೆ ಗೊತ್ತಿಲ್ಲ.

ನನ್ನ ಮನೆ ನಂಜನಗೂಡು, ಕೆಲಸ ಪಕ್ಕದ ತಾಂಡ್ಯದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ. ಕಾರ್ಖಾನೆಯಿಂದ ಏನು ಹೊರಗೆ ಹೋಗಬೇಕಾದರೂ ಗೇಟ್ ಪಾಸ್ ಬೇಕು, ಆ ಪಾಸಿಗೆ ನನ್ನ ಸಹಿ ಬೇಕು. ರಿಪೇರಿಗೆ ಹೋಗಿ ವಾಪಸ್ ಬರುವ ಮೋಟಾರಾದರೆ ಪಾಸಿನ ಮೇಲೆ ‘ರಿಟರ್ನಬಲ್’ ಎಂದು ಬರೆಯುತ್ತೇನೆ. ಗುಜರಿಗೆ ಹೋಗುವ ತಗಡಾದರೆ ‘ನಾನ್ ರಿಟರ್ನಬಲ್’. ನಮ್ಮ ಕಡೆ ಕಲ್ಲು ಎಸೆದರೆ ಒಬ್ಬ ನಂಜುಂಡನಿಗೋ ಶ್ರೀಕಂಠನಿಗೋ ಬೀಳುತ್ತದೆ. ಕಾರ್ಖಾನೆಯಲ್ಲೂ ಶ್ರೀಕಂಠರು ಹಲವರಿರುವುದರಿಂದ ನನ್ನನ್ನು ಎಲ್ಲರೂ ‘ಪಾಸ್ ಶ್ರೀಕಂಠ’ ಎನ್ನುತ್ತಾರೆ. ಸೂಜಿಯಾದರೂ ಸರಿಯೇ, ಯಾರ ಕೈಯಲ್ಲಿದ್ದರೂ ಸರಿಯೇ, ಪಾಸಿಲ್ಲದೆ ಗೇಟು ದಾಟಕೂಡದು ಎಂದು ನಾನೇ ಬರೆದು ಸಹಿ ಹಾಕಿದ ಸೂಚನೆ ಸೆಕ್ಯುರಿಟಿ ಕೋಣೆಯ ಗೋಡೆಯ ಮೇಲಿದೆ. ಅದನ್ನು ಅಂಟಿಸಿದ ದಿನ ನನಗೆ ಸ್ವಲ್ಪ ಹೆಮ್ಮೆಯಾಗಿತ್ತು ಎಂಬುದೂ ನಿಜ.

ಈ ಪದಕ್ಕೂ ನನಗೂ ನಂಟು ಹಳೆಯದು. ಮೈಸೂರಿಗೆ ಕಾಲೇಜಿಗೆಂದು ಹೋಗುತ್ತಿದ್ದಾಗ ಕಂಡಕ್ಟರ್ ಕೈ ಚಾಚಿದರೆ ಸಾಕು, ನಿದ್ದೆಗಣ್ಣಿನಲ್ಲೇ ‘ಪಾಸ್’ ಎನ್ನುತ್ತಿದ್ದೆ. ನನ್ನ ಅಂಕಪಟ್ಟಿಯ ಸಮಾಚಾರ ಹೇಗೋ ತಿಳಿದುಕೊಂಡಿದ್ದ ಒಬ್ಬ ಕಂಡಕ್ಟರ್ ಒಂದು ದಿನ ತುಂಬಿದ ಬಸ್ಸಿನಲ್ಲಿ, “ಬಸ್ಸಲ್ಲಿ ದಿನಾ ಪಾಸ್ ಆಯ್ತಿಯಲ್ಲ, ಪರೀಕ್ಷೇಲಿ ಯಾವಾಗ್ಲಾ?” ಎಂದುಬಿಟ್ಟ. ಆಮೇಲೆ ಕೆಲವು ದಿನ ಕಾಸು ಕೊಟ್ಟು ಟಿಕೆಟ್ ತೆಗೆದುಕೊಂಡೆ. ಈಗಲೂ ದೂರದ ನೆಂಟರು ಫೋನ್ ಮಾಡಿ, “ಪಾಸ್ ಸಿಗುತ್ತಾ?” ಎಂದರೆ ಅದು ದೇವಸ್ಥಾನದಲ್ಲಿ ಸಾಲು ತಪ್ಪಿಸುವ ಉಪಾಯ. ನಂಜನಗೂಡಿನಲ್ಲಿ ಮನೆ ಇದ್ದವರೆಲ್ಲ ನಂಜುಂಡೇಶ್ವರನಿಗೆ ಹತ್ತಿರದ ಸಂಬಂಧಿಗಳೆಂದೇ ಅವರ ಲೆಕ್ಕ. ನನ್ನ ಮಗಳು ಮೇಘನಾ ಊಟಕ್ಕೆ ಕೂತು, “ಅಪ್ಪ, ಉಪ್ಪಿನಕಾಯಿ ಪಾಸ್ ಮಾಡು” ಎನ್ನುತ್ತಾಳೆ. ಉಪ್ಪಿನಕಾಯಿ ಯಾವ ಪರೀಕ್ಷೆ ಬರೆದಿತ್ತೋ ನಾನು ಕೇಳಲು ಹೋಗುವುದಿಲ್ಲ. ಇಷ್ಟೆಲ್ಲ ಅರ್ಥಗಳನ್ನು ಹೇಗೋ ಸಂಭಾಳಿಸಿಕೊಂಡಿದ್ದೆ. ಹೊಟ್ಟೆಯೊಳಗಿನಿಂದ ಇನ್ನೊಂದು ಅರ್ಥ ಹುಟ್ಟಿಬರುತ್ತದೆಂದು ಮಾತ್ರ ಕನಸಿನಲ್ಲೂ ಎಣಿಸಿರಲಿಲ್ಲ.

ಮೊನ್ನೆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಸೊಂಟದ ಬಲಗಡೆ ಎಂಥದೋ ನೋವು ಹಿಡಿಯಿತು. ಕೂತರೆ ಆಗದು, ನಿಂತರೆ ಆಗದು, ಮಲಗಿದರಂತೂ ಕೇಳಲೇಬೇಡಿ. ನಮ್ಮೂರಿನ ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ ನೋಡಿ, ಮೂತ್ರನಾಳದಲ್ಲಿ ಕಲ್ಲು ಕೂತಿದೆ ಎಂದರು. “ಐದು ಮಿಲಿಮೀಟರ್ ಒಳಗಿದ್ರೆ ಹೆಚ್ಚಾಗಿ ತಾನಾಗೇ ಪಾಸ್ ಆಗಿಬಿಡುತ್ತೆ. ನಿಮ್ಮದು ಏಳಿದೆ. ನೀರು ಕುಡೀರಿ, ಮಾತ್ರೆ ತಗೊಳ್ಳಿ, ಕಾಯೋಣ. ಶನಿವಾರ ಸಂಜೆಯೊಳಗೆ ಪಾಸ್ ಆದ್ರೆ ತಂದು ತೋರಿಸಿ, ಆಗಲಿಲ್ಲ ಅಂದ್ರೆ ಸೋಮವಾರ ಮೈಸೂರಲ್ಲಿ ಆಪರೇಷನ್” ಎಂದರು. ಮೂತ್ರಕ್ಕೆ ಹೋದಾಗ ಹೊರಬೀಳುವ ಕಲ್ಲನ್ನು ಹಿಡಿಯುವುದಕ್ಕೆ ಒಂದು ಟೀ ಸೋಸುವ ಜಾಲರಿ ಇಟ್ಟುಕೊಳ್ಳಿ ಎಂಬ ಸಲಹೆಯನ್ನೂ ಕೊಟ್ಟರು. ನನಗೆ ಹೆದರಿಕೆಯಾಯಿತು. ಮುಚ್ಚಿಟ್ಟು ಏನು ಪ್ರಯೋಜನ? ಬೇರೆಯವರಿಗೆ ಸೂಜಿ ಚುಚ್ಚುವುದನ್ನು ನೋಡಿದರೇ ಗೋಡೆ ಹಿಡಿದುಕೊಳ್ಳುವ ಜೀವ ನನ್ನದು. ಆಪರೇಷನ್ ಎಂಬ ಮಾತು ಕೇಳಿದ ಮೇಲೆ ಉಂಡದ್ದು ಮೈಗೆ ಹತ್ತಲಿಲ್ಲ.

ನನ್ನ ಹೆಂಡತಿ ಸುಮಿತ್ರಾಗೆ ಡಾಕ್ಟರ ಮಾತ್ರೆಗಿಂತ ಬಾಳೆದಿಂಡಿನ ರಸದ ಮೇಲೆ ನಂಬಿಕೆ. ರಸಬಾಳೆಯ ಊರಿನಲ್ಲಿ ಹುಟ್ಟಿಯೂ ಹಣ್ಣು ಬಿಟ್ಟು ದಿಂಡು ಕುಡಿಯುವ ಯೋಗ ನನ್ನ ಹಣೆಯಲ್ಲಿ ಬರೆದಿತ್ತು. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು. ನಮ್ಮೂರ ಸ್ವಾಮಿ ವಿಷ ಕುಡಿದಾಗ ಅದನ್ನು ಕಂಠದಲ್ಲೇ ನಿಲ್ಲಿಸಿಕೊಂಡ, ಹಾಗಾಗಿ ಶ್ರೀಕಂಠನಾದ. ಹೆಸರು ಮಾತ್ರ ಅವನದನ್ನು ಇಟ್ಟುಕೊಂಡ ನನಗೆ ಆ ಸೌಕರ್ಯವೂ ಇರಲಿಲ್ಲ. ಚೊಂಬು ಖಾಲಿಯಾಗುವವರೆಗೂ ಸುಮಿತ್ರಾ ಎದುರಿಗೇ ನಿಂತಿರುತ್ತಿದ್ದಳು.

ಗ್ರಹಚಾರಕ್ಕೆ ಮಗಳ ಪಿಯುಸಿ ಫಲಿತಾಂಶವೂ ಅದೇ ವಾರ ಬರುವುದಿತ್ತು. ಹಾಗಾಗಿ ಬೀದಿಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ: “ಪಾಸ್ ಆಯ್ತಾ?” ಎದುರುಮನೆಯ ಗೌರಮ್ಮನವರು ದಿನಾ ರಂಗೋಲಿ ಬಿಡುತ್ತ ತಲೆ ಎತ್ತದೆಯೇ ಕೇಳುತ್ತಿದ್ದರು. ನಾನೂ ಮಗಳೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. “ಅಪ್ಪ, ಇದು ನಿನಗಾ ನನಗಾ?” ಎಂದು ಅವಳು ಪಿಸುಗುಟ್ಟುತ್ತಿದ್ದಳು. “ಇನ್ನೂ ಇಲ್ಲ” ಎಂಬ ಉತ್ತರ ಇಬ್ಬರಿಗೂ ಹೊಂದುತ್ತಿದ್ದುದರಿಂದ, ಯಾರಿಗೆ ಮೊದಲು ಬಾಯಿ ಬಂತೋ ಅವರು ಹೇಳುತ್ತಿದ್ದೆವು. “ಪ್ರಯತ್ನ ಬಿಡಬೇಡಿ” ಎಂದು ಗೌರಮ್ಮನವರು ಧೈರ್ಯ ಹೇಳುತ್ತಿದ್ದರು. ಅದು ಯಾರ ಪ್ರಯತ್ನವೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಗುರುವಾರ ಸಂಜೆ ಟಿ. ನರಸೀಪುರದಿಂದ ಮಾವನವರ ಫೋನ್ ಬಂತು. ಅವರು ನಿವೃತ್ತ ಗಣಿತದ ಮೇಷ್ಟ್ರು, ಕಿವಿ ಸ್ವಲ್ಪ ಮಂದ. ಅವರೂ ಮೊಮ್ಮಗಳ ಫಲಿತಾಂಶ ಕೇಳುವುದಕ್ಕೇ ಮಾಡಿದ್ದು. ನನ್ನ ಕಲ್ಲಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಆದರೆ ತಾಯಿಗೆ ಹೇಳಿದ್ದೆಲ್ಲ ತಂದೆಗೂ ತಲುಪಿರುತ್ತದೆ ಎಂದುಕೊಂಡಿದ್ದ ಸುಮಿತ್ರಾ, ದಿಂಡು ಹೆಚ್ಚುತ್ತಲೇ ಫೋನನ್ನು ಜೋರಾಗಿ ಕೇಳಿಸುವಂತೆ ಮಾಡಿ ಪಕ್ಕಕ್ಕಿಟ್ಟುಕೊಂಡು ಮಾತಾಡಿದಳು.

“ಏನಮ್ಮ, ಪಾಸಾಯ್ತಾ?”

“ಇಲ್ಲಪ್ಪ. ಏಳಿದೆಯಂತೆ.”

“ಏಳೇ?”

“ಹೂಂ. ಐದಿದ್ದಿದ್ರೆ ತಾನಾಗೇ ಪಾಸಾಗ್ತಿತ್ತಂತೆ. ಏಳಾಗಿದ್ದಕ್ಕೇ ಕಷ್ಟ ಬಂದಿರೋದು. ಮೂರೋ ನಾಲ್ಕೋ ಇದ್ರಂತೂ ಸಲೀಸಂತೆ.”

ಜೀವಮಾನವೆಲ್ಲ ಲೆಕ್ಕ ಹೇಳಿಕೊಟ್ಟ ಮನುಷ್ಯ ಯಾವ ಲೆಕ್ಕದಲ್ಲಿ ಏಳು ಫೇಲಾಗಿ ಐದು ಪಾಸಾಗುತ್ತದೆಂದು ಕೂಡಿ ಕಳೆದು ನೋಡುತ್ತಿದ್ದರೆಂದು ಕಾಣುತ್ತದೆ. ಕೊನೆಗೆ, “ಈಗೇನು ಮಾಡ್ತಾರಂತೆ?” ಎಂದರು.

“ಸೋಮವಾರ ಮೈಸೂರಿಗೆ ಕರ್ಕೊಂಡು ಹೋಗಿ ಒಡೀತಾರಂತೆ” ಎಂದಳು ಸುಮಿತ್ರಾ, ಕಲ್ಲನ್ನು ಒಡೆಯುವ ಅರ್ಥದಲ್ಲಿ.

ನರಸೀಪುರದ ಮಕ್ಕಳು ‘ಹ’ಕಾರ ನುಂಗುವುದನ್ನು ತಿದ್ದಿ ತಿದ್ದಿ ಅಭ್ಯಾಸವಾದ ಮಾವನವರು ಅಲ್ಲೊಂದು ‘ಹ’ವನ್ನು ತಾವೇ ಸೇರಿಸಿಕೊಂಡರು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು, ಕೊಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹಜಾರದಲ್ಲಿ ನಿಂತರು. “ಏಳು ನಂಬರ್ ಬಂತು ಅಂತ ಮಗೂನ ಹೊಡೀತಾರಾ? ನನ್ನ ಸರ್ವೀಸಲ್ಲಿ ಸೊನ್ನೆ ತಗೊಂಡವರನ್ನೂ ನಾನು ಮುಟ್ಟಿದವನಲ್ಲ. ನಡೀರಿ, ಪ್ರಿನ್ಸಿಪಾಲರ ಹತ್ರ ನಾನು ಮಾತಾಡ್ತೀನಿ” ಎಂದರು.

“ತಾತ, ಅದು ನಂದಲ್ಲ, ಅಪ್ಪಂದು” ಎಂದಳು ಮೇಘನಾ.

ಮಾವನವರು ನನ್ನ ಕಡೆ ತಿರುಗಿದರು. “ಅಳಿಯಂದ್ರು ಈ ವಯಸ್ಸಲ್ಲಿ ಯಾವ ಪರೀಕ್ಷೆ ಕಟ್ಟಿದ್ರಿ?”

ಎಲ್ಲವನ್ನೂ ಬಿಡಿಸಿ ಹೇಳಿ, ಸ್ಕ್ಯಾನಿಂಗ್ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ ಮೇಲೆ ಅವರು ಕೊಡೆಯನ್ನು ಕೆಳಗಿಟ್ಟು ಕೂತರು. ಕಾಫಿ ಕುಡಿದು ಬಹಳ ಹೊತ್ತು ಯೋಚಿಸಿ, “ಕಡಿಮೆ ಬಂದಷ್ಟೂ ಒಳ್ಳೇದು ಅನ್ನಿ. ನಮ್ಮ ಇಲಾಖೇಲಿ ಇದೇ ಪದ್ಧತಿ ಇದ್ದಿದ್ರೆ ನನ್ನ ಎಷ್ಟೋ ಮಕ್ಕಳು ಡಿಸ್ಟಿಂಕ್ಷನ್ ತಗೊಳ್ಳೋರು” ಎಂದರು. ನನ್ನ ಆಪರೇಷನ್ ಮುಗಿಯುವವರೆಗೂ ಇಲ್ಲೇ ಇರುತ್ತೇನೆಂದೂ ಹೇಳಿದರು. ನನಗೆ ಕಣ್ಣು ತುಂಬಿ ಬಂತು. ಸ್ವಲ್ಪ ಅವರ ಪ್ರೀತಿಗೆ, ಉಳಿದದ್ದು ‘ಆಪರೇಷನ್’ ಎಂದಿದ್ದಕ್ಕೆ.

ಶನಿವಾರ ಮನೆಯಲ್ಲಿ ಕೂತರೆ ಹೆದರಿಕೆ ಹೆಚ್ಚುತ್ತದೆಂದು ಕೆಲಸಕ್ಕೆ ಹೋದೆ. ಚೀಲದಲ್ಲಿ ಊಟದ ಡಬ್ಬಿ, ನೀರಿನ ಬಾಟಲಿ, ಟೀ ಜಾಲರಿ. ಮಧ್ಯಾಹ್ನ ಗೇಟ್ ಪಾಸುಗಳಿಗೆ ಸಹಿ ಹಾಕುತ್ತಿದ್ದಾಗ ನೋವು ಒಮ್ಮೆಗೇ ಕೆಳಗಿಳಿಯಿತು. ಜಾಲರಿ ಹಿಡಿದುಕೊಂಡು ಓಡಿದೆ. ಒಳಗೆ ಏನಾಯಿತೆಂದು ಬರೆಯುವುದು ಮರ್ಯಾದಸ್ಥರ ಲಕ್ಷಣವಲ್ಲ. ಜಾಲರಿಯಲ್ಲಿ ಟಣ್ ಎಂದು ಸದ್ದಾಯಿತು ಎಂದರೆ ಸಾಕು. ಆ ಸದ್ದಿಗಿಂತ ಇಂಪಾದದ್ದನ್ನು ನಾನು ಯಾವ ಸಂಗೀತ ಕಛೇರಿಯಲ್ಲೂ ಕೇಳಿಲ್ಲ. ಕೈಕಾಲು ಹಗುರವಾದವು. ಕಲ್ಲನ್ನು ತೊಳೆದು ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಸಾಹೇಬರಿಗೆ ಹೇಳಿ, ಡಾಕ್ಟರು ಎದ್ದು ಹೋಗುವ ಮೊದಲು ತೋರಿಸಿ ಆಪರೇಷನ್ ತಪ್ಪಿಸಬೇಕೆಂದು ಗೇಟಿಗೆ ಓಡಿದೆ.

ಗೇಟಿನಲ್ಲಿ ಸಿದ್ದರಾಜು ಇದ್ದ. ಕವಲಂದೆಯವನು, ನನ್ನ ಕೈಯಲ್ಲೇ ತರಬೇತಾದ ಸೆಕ್ಯುರಿಟಿ ಗಾರ್ಡ್. ಪ್ರತಿಯೊಬ್ಬರ ಚೀಲ ಮುಟ್ಟಿ ನೋಡದೆ ಬಿಡುವವನಲ್ಲ.

“ಸಾ, ಕೈಯಲ್ಲಿ ಡಬ್ಬಿ ಅದೆ.”

“ಏನಿಲ್ಲ ಸಿದ್ದರಾಜು, ಬಿಡು. ಡಾಕ್ಟರು ಹೊರಟುಹೋಗ್ತಾರೆ.”

“ಪಾಸ್ ಆಯ್ತಾ ಸಾ?”

“ಆಯ್ತು ಕಣಯ್ಯ, ಈಗ ತಾನೇ ಪಾಸ್ ಆಯ್ತು” ಎಂದೆ. ನನ್ನ ಮುಖವೆಲ್ಲ ಹಲ್ಲಾಗಿತ್ತು.

“ಅಂಗಾದ್ರೆ ಕೊಡಿ ಸಾ.”

“ಏನು ಕೊಡಲಿ?”

“ಪಾಸು.”

“ಇದೇ ಕಣಯ್ಯ ಪಾಸ್ ಆಗಿರೋದು” ಎಂದು ಡಬ್ಬಿಯ ಮುಚ್ಚಳ ತೆಗೆದೆ. ಅವನು ಬಗ್ಗಿ ನೋಡಿದ.

“ಇದು ಕಲ್ಲಲ್ವ ಸಾ? ಫ್ಯಾಕ್ಟ್ರಿ ಒಳಗ್ಲುದಾ?”

“ಫ್ಯಾಕ್ಟರಿ ಒಳಗಿನದಲ್ಲ, ನನ್ನ ಒಳಗಿನದು. ಬೆಳಿಗ್ಗೆ ಬರುವಾಗ ನನ್ನ ಜೊತೇಲೇ ಬಂತು.”

“ಬರೋವಾಗ ಎಂಟ್ರಿ ಮಾಡುಸ್ಬೇಕಿತ್ತಲ್ವ ಸಾ. ಇನ್‌ವರ್ಡಲ್ಲಿ ಇಲ್ದೆ ಇರೋದ ಔಟ್‌ವರ್ಡಲ್ಲಿ ಎಂಗೆ ಬುಡ್ಲಿ? ಬೇಲಿನೇ ಎದ್ದು ಒಲ ಮೇಯ್ದಂಗೆ ಆಗ್ಬಾರ್ದು ಅಂತ ನೀವೇ ಕಲ್ಸಿದ್ದು.” ಅವನು ಗೋಡೆಯ ಕಡೆ ಬೆರಳು ತೋರಿಸಿದ. ಅಲ್ಲಿ ನನ್ನ ಸೂಚನೆಯಿತ್ತು, ಕೆಳಗೆ ನನ್ನದೇ ಸಹಿ ಸೊಗಸಾಗಿ ಬಾಲ ಬಿಟ್ಟುಕೊಂಡಿತ್ತು. ತಾನು ತೋಡಿದ ಗುಂಡಿಗೆ ತಾನೇ ಬಿದ್ದವನು ಯಾರನ್ನು ಬೈದಾನು?

ಅಷ್ಟರಲ್ಲಿ ಸುಮಿತ್ರಾಳ ಫೋನ್. “ರೀ, ಪಾಸಾಯ್ತು ರೀ” ಎಂದಳು, ಉಸಿರು ಕಟ್ಟಿಕೊಂಡು.

“ನಿನಗೆ ಹೇಗೆ ಗೊತ್ತಾಯ್ತು?” ಎಂದೆ. ಜಾಲರಿಯ ಸದ್ದು ನಂಜನಗೂಡಿನವರೆಗೂ ಕೇಳಿಸಿತೋ ಏನೋ.

“ಈಗ ತಾನೇ ಮೊಬೈಲಲ್ಲಿ ಬಂತು. ಫಸ್ಟ್ ಕ್ಲಾಸು.”

“ಫಸ್ಟ್ ಕ್ಲಾಸಾ? ನಾನಿನ್ನೂ ಡಾಕ್ಟರಿಗೇ ತೋರಿಸಿಲ್ಲವಲ್ಲೇ.”

“ಡಾಕ್ಟರಿಗೆ ಯಾಕ್ರೀ ತೋರಿಸ್ತೀರಾ ಮಾರ್ಕ್ಸ್ ಕಾರ್ಡು?” ಎಂದಳು. ನನಗೆ ಆಗ ಮಗಳ ನೆನಪಾಯಿತು. ಹೆತ್ತ ಮಗಳು ಪಾಸಾದದ್ದಕ್ಕಿಂತ ಕಲ್ಲು ಪಾಸಾದದ್ದಕ್ಕೆ ಹೆಚ್ಚು ಹಿಗ್ಗಿದ ತಂದೆ ಎಂದು ನನಗೆ ನಾಚಿಕೆಯೂ ಆಯಿತು.

ಸಿದ್ದರಾಜು ಜಗ್ಗಲಿಲ್ಲ. ಕೊನೆಗೆ ಅವನ ಮೇಜಿಗೇ ಪಾಸ್ ಪುಸ್ತಕ ತರಿಸಿ, ನನಗೆ ನಾನೇ ಒಂದು ಗೇಟ್ ಪಾಸ್ ಬರೆದೆ. ವಸ್ತು: ಕಲ್ಲು. ಸಂಖ್ಯೆ: ಒಂದು. ರಿಟರ್ನಬಲ್ ಅಥವಾ ನಾನ್ ರಿಟರ್ನಬಲ್ ಎಂಬಲ್ಲಿಗೆ ಬಂದಾಗ ಅನುಭವಿಸಿದ್ದ ನೋವೆಲ್ಲ ನೆನಪಾಗಿ, ‘ನಾನ್ ರಿಟರ್ನಬಲ್’ ಎಂದು ಒತ್ತಿ ಬರೆದೆ. ಪೆನ್ನಿನ ಗುರುತು ಕೆಳಗಿನ ಹಾಳೆಗೂ ಮೂಡಿತ್ತು. ಸಿದ್ದರಾಜು ಸೆಲ್ಯೂಟ್ ಹೊಡೆದು ಗೇಟ್ ತೆರೆದ.

ಡಾಕ್ಟರು ಸಿಕ್ಕಿದರು. ಕಲ್ಲನ್ನು ನೋಡಿ, ಮತ್ತೊಂದು ಸ್ಕ್ಯಾನಿಂಗ್ ಮಾಡಿ, ಆಪರೇಷನ್ ಬೇಡ ಎಂದರು. ನಾನು ಕೈ ಮುಗಿದು ಏಳುವಾಗ, “ಒಂದ್ಸಲ ಬಂದವರಿಗೆ ಇದು ಮತ್ತೆ ಬರಬಹುದು ಶ್ರೀಕಂಠಯ್ಯ, ನೀರು ಕುಡಿಯೋದು ಬಿಡಬೇಡಿ” ಎಂದರು. ಮನೆಯಲ್ಲಿ ಮಾವನವರು ಮೈಸೂರುಪಾಕ್ ತರಿಸಿ ಬೀದಿಗೆಲ್ಲ ಹಂಚಿಸಿದ್ದರು. ಗೌರಮ್ಮನವರು ಒಂದು ತುಂಡು ಬಾಯಿಗೆ ಹಾಕಿಕೊಂಡು, “ಅಂತೂ ಪಾಸಾಯ್ತಲ್ಲ” ಎಂದರು. ಆ ಸಲ ನಾವಿಬ್ಬರೂ ಒಟ್ಟಿಗೇ “ಹೂಂ” ಎಂದೆವು.

ಸೋಮವಾರ ಆಸ್ಪತ್ರೆಯಲ್ಲಿ ಮಲಗಿರಬೇಕಾದವನು ನೆಟ್ಟಗೆ ಕೆಲಸಕ್ಕೆ ಹೋದೆ. ಡಾಕ್ಟರು ಏನೆಂದರೆಂದು ಸಿದ್ದರಾಜು ಅಕ್ಕರೆಯಿಂದ ಕೇಳಿದ. ಮತ್ತೆ ಬರಬಹುದಂತೆ ಎಂದೆ. ಅವನು ಒಳಗೆ ಹೋಗಿ ಪಾಸಿನ ಪ್ರತಿ ತಂದು ನನ್ನ ಮುಂದಿಟ್ಟ.

“ಅಂಗಾದ್ರೆ ಇದ ತಿದ್ದುಬುಡಿ ಸಾ. ನಾಳೆ ಆಡಿಟ್‌ನೋರು ಕೇಳುದ್ರೆ ನನ್ ತಲೇಗೆ ಬತ್ತದೆ.”

ಅವನ ಮಾತಿನಲ್ಲಿ ತಪ್ಪೇನಿತ್ತು? ‘ನಾನ್’ ಎಂಬುದನ್ನು ಹೊಡೆದುಹಾಕಿದೆ. ತಿದ್ದಿದ ಕಡೆ ಸಹಿ ಹಾಕಬೇಕೆಂಬ ನಿಯಮವೂ ನನ್ನದೇ, ಹಾಕಿದೆ. ಆದರೆ ರಿಟರ್ನಬಲ್ ಎಂದಾದ ಮೇಲೆ ಅದರ ಪಕ್ಕದಲ್ಲಿ ‘ವಾಪಸ್ ಬರುವ ದಿನಾಂಕ’ ಎಂಬ ಇನ್ನೊಂದು ಕಾಲಂ ಇದೆ. ಅದನ್ನು ತುಂಬಿಸದಿದ್ದರೆ ಪಾಸು ಪಾಸಾಗುವುದಿಲ್ಲವೆಂದು ಸಿದ್ದರಾಜು ದಿನಾ ಸಂಜೆ ಗೇಟಿನಲ್ಲಿ ನೆನಪಿಸುತ್ತಾನೆ. ನಾನು ಬಾಟಲಿ ಎತ್ತಿ ಇನ್ನೊಂದು ಗುಟುಕು ನೀರು ಕುಡಿದು, ಮಾತಾಡದೆ ಪಾಸ್ ಆಗಿಬಿಡುತ್ತೇನೆ.