ಕೊಸ್ತೆಲ್ ಸರ್ಕಲ್ಲಿನ ಆರನೇ ರಸ್ತೆ

ಸಿನಿಮಾ ನಟ ಅರ್ಮಾಂ ಕೊಸ್ತೆಲ್ ಅವರ ಅತ್ಯುತ್ತಮ ಚಿತ್ರಗಳು ಐದು. ಇದು ಯಾರೋ ವಿಮರ್ಶಕರು ಹೇಳಿದ್ದಲ್ಲ. ನಮ್ಮ ಬೊರ್ಗೆನಾಕ್ ಪುರಸಭೆ ಮಾರ್ಚ್ ಹನ್ನೆರಡರ ಸಾಮಾನ್ಯ ಸಭೆಯಲ್ಲಿ ಹದಿಮೂರು ಮತ ಪರ, ಎರಡು ಮತ ವಿರೋಧ ಅಂತ ಠರಾವು ಮಾಡಿದ ಸಂಗತಿ. ಆದ್ದರಿಂದ ಇದರಲ್ಲಿ ಅಭಿಪ್ರಾಯಭೇದಕ್ಕೆ ಜಾಗ ಇಲ್ಲ. ನಡಾವಳಿ ಪುಸ್ತಕ ಗ್ರಂಥಾಲಯದಲ್ಲಿದೆ, ಕೇಳಿದ್ರೆ ಕೊಡ್ತಾರೆ. ಯಾರೂ ಕೇಳಲ್ಲ. ನಾನು ಕೇಳಿದೆ.

ಕೊಸ್ತೆಲ್ ಒಟ್ಟು ಎಪ್ಪತ್ತನಾಲ್ಕು ಚಿತ್ರಗಳಲ್ಲಿ ನಟಿಸಿದ್ರು. ಅದರಲ್ಲಿ ಐದೇ ಯಾಕೆ ಅಂತ ಹೊರಗಿನವರು ಕೇಳ್ತಾರೆ. ನಮ್ಮೂರಿಗೆ ಬರ್ತಾ ಸಿಗೋ ಹೊಸ ಸರ್ಕಲ್ಲಿಗೆ ಐದು ರಸ್ತೆ ಸೇರ್ತವೆ, ಅದಕ್ಕೆ. ರಸ್ತೆಗೊಂದು ಚಿತ್ರ. ನಾಲ್ಕು ರಸ್ತೆ ಇದ್ದಿದ್ರೆ ನಾಲ್ಕು ಅತ್ಯುತ್ತಮ ಚಿತ್ರ ಮಾಡಿರ್ತಿದ್ರು.

ಸರ್ಕಲ್ ಯಾಕೆ ಬೇಕಿತ್ತು ಅಂದ್ರೆ, ಪಕ್ಕದೂರಲ್ಲಿ ಮೂರು ಸರ್ಕಲ್ ಇವೆ. ಒಂದರಲ್ಲಿ ಕಬ್ಬಿಣದ ಬಸವನಹುಳ ಕೂಡ ಇದೆ. ನಮ್ಮಲ್ಲಿ ಇದ್ದದ್ದು ಬರೀ ಒಂದು ಚೌಕ. ಅದರಿಂದ ಯಾರಿಗೂ ತೊಂದರೆ ಆಗ್ತಿರಲಿಲ್ಲ, ಹಾಗಾಗಿ ಅದನ್ನ ಉದ್ಘಾಟನೆ ಮಾಡೋಕೂ ಬರ್ತಿರಲಿಲ್ಲ. ಇನ್ನು ಕೊಸ್ತೆಲ್ ಹೆಸರೇ ಯಾಕೆ ಅಂದ್ರೆ, ಅವರು ಹುಟ್ಟಿದ್ದು ನಮ್ಮೂರ ಸ್ಟೇಶನ್ನಲ್ಲಿ. ಅವರ ತಾಯಿ ರೈಲಲ್ಲಿ ಬೇರೆಲ್ಲಿಗೋ ಹೋಗ್ತಿದ್ದಾಗ ನೋವು ಕಾಣಿಸ್ಕೊಳ್ತು. ನಲವತ್ತು ನಿಮಿಷ ಆದ್ಮೇಲೆ ತಾಯಿ ಮಗು ಇಬ್ಬರನ್ನೂ ದೊಡ್ಡಾಸ್ಪತ್ರೆಗೆ ಸಾಗಿಸಿದ್ರು. ಪುರಸಭೆಯ ಕೈಪಿಡಿಯಲ್ಲಿ ಈ ನಲವತ್ತು ನಿಮಿಷಕ್ಕೆ "ಬಾಲ್ಯ" ಅನ್ನೋ ಅಧ್ಯಾಯ ಇದೆ.

ಚಿತ್ರಗಳ ಹಂಚಿಕೆ ಮಾಡಿದ್ದು ಉಪಮೇಯರ್ ಮದಾಂ ಲಕೊಸಾದ್. ಅವರ ಖಾತೆ ಸಂಸ್ಕೃತಿ ಮತ್ತು ಒಳಚರಂಡಿ. ಸೂಪರ್‌ಮಾರ್ಕೆಟ್ ರಸ್ತೆಗೆ ಹಾಸ್ಯಚಿತ್ರ ಹೋಯ್ತು, ಯಾಕಂದ್ರೆ ದುರಂತ ಚಿತ್ರ ಹಾಕಿದ್ರೆ ಮಾಂಸ ಖರ್ಚಾಗಲ್ಲ ಅಂತ ಅದರ ಮಾಲೀಕರು ಬರಹದಲ್ಲಿ ಆಕ್ಷೇಪ ಕೊಟ್ಟಿದ್ರು. ಪೊಲೀಸ್ ಠಾಣೆ ರಸ್ತೆಗೆ ಕೊಸ್ತೆಲ್ ಕಳ್ಳನಾಗಿ ನಟಿಸಿದ ಚಿತ್ರ. ಕೊನೆಗೆ ಕಳ್ಳ ತಪ್ಪಿಸ್ಕೊಳ್ತಾನಲ್ಲ ಅಂತ ಠಾಣೆ ಮುಖ್ಯಸ್ಥರು ತಗಾದೆ ಎತ್ತಿದಾಗ, ಕೊನೆಯ ಎಂಟು ನಿಮಿಷ ಚಿತ್ರದ ಭಾಗ ಅಲ್ಲ ಅಂತ ತಿದ್ದುಪಡಿ ಪಾಸಾಯ್ತು. ಸ್ಮಶಾನದ ರಸ್ತೆಗೆ ಅವರು ಸಾಯೋ ಚಿತ್ರ, ಶಾಲೆ ರಸ್ತೆಗೆ ಅವರು ಮೇಷ್ಟ್ರಾಗಿದ್ದ ಚಿತ್ರ. ಉಳಿದದ್ದು ಕಸದ ಡಿಪೊ ರಸ್ತೆ. ಅದಕ್ಕೆ ವಿದೇಶದಲ್ಲೆಲ್ಲ ದೊಡ್ಡ ದೊಡ್ಡ ಪ್ರಶಸ್ತಿ ಪಡೆದ ಚಿತ್ರ ಕೊಟ್ರು. ಅದನ್ನ ಊರಲ್ಲಿ ಯಾರೂ ನೋಡಿರಲಿಲ್ಲ, ಹಾಗಾಗಿ ಯಾರ ಮನಸ್ಸಿಗೂ ನೋವಾಗಲ್ಲ.

ಪಟ್ಟಿಯಲ್ಲಿರೋ ಚಿತ್ರಗಳನ್ನೆಲ್ಲ ಉದ್ಘಾಟನೆಯ ದಿನಗಳಲ್ಲಿ ಸಾರ್ವಜನಿಕರಿಗೆ ತೋರಿಸ್ತೀವಿ ಅಂತಲೂ ಠರಾವಿನಲ್ಲಿತ್ತು. ಈ ಸಾಲು ಓದ್ಕೊಂಡೇ ಮದಾಂ ಯೂಜೆನಿ ರಾಬಾತ್ ಪುರಸಭೆಗೆ ಬಂದಿದ್ದು. ಎಂಬತ್ತು ವರ್ಷ, ಎರಡೂ ಕಣ್ಣಿಗೆ ಪೊರೆ, ಸರ್ಕಲ್ ಪಕ್ಕದಲ್ಲೇ ಮನೆ, ಮನೆ ಮುಂದೆ ಕೋಸಿನ ತೋಟ.

"ಮೇಯರ್ರೇ, ನನ್ನ ಸಿನಿಮಾ ಪಟ್ಟೀಲಿಲ್ಲ," ಅಂದ್ರು.

ಮೇಯರ್ ಕ್ರೂಜೆ ತಲೆ ಎತ್ತಿದ್ರು. "ನಿಮ್ಮ ಸಿನಿಮಾನಾ? ನೀವ್ಯಾವಾಗ ಆಕ್ಟ್ ಮಾಡಿದ್ರಿ ಮದಾಂ?"

"ನಾನಲ್ಲ, ನಮ್ಮಣ್ಣ ಮಾರ್ಸೋ. ಅರವತ್ತನೇ ಇಸವೀಲಿ ಕೊಸ್ತೆಲ್ ಕಡೆಯವ್ರು ಒಂದಿನ ಇಲ್ಲಿ ಶೂಟಿಂಗ್ ಮಾಡಿದ್ರು. 'ಬಾವಿ ಹತ್ತಿರ ಯಾರೋ' ಅಂತ. ಕೊಸ್ತೆಲ್ ದಾರಿ ಕೇಳ್ತಾರೆ, ನಮ್ಮಣ್ಣ ಟೋಪಿ ತೆಗ್ದು ದಾರಿ ತೋರಿಸ್ತಾನೆ. ಹನ್ನೊಂದು ಸೆಕೆಂಡು. ಮಾತಿಲ್ಲ."

"ಆಮೇಲೆ?"

"ಆಮೇಲೆ ಅವನನ್ನ ಅಲ್ಜೀರಿಯಕ್ಕೆ ಯುದ್ಧಕ್ಕೆ ಕಳಿಸಿದ್ರು. ವಾಪಸ್ ಬಂದಿದ್ದು ಪೆಟ್ಟಿಗೇಲಿ."

"ಸಿನಿಮಾದಲ್ಲಿ ಆಮೇಲೆ ಏನಾಗುತ್ತೆ ಅಂತ ಕೇಳಿದೆ ಮದಾಂ."

"ಅದು ನಂಗೊತ್ತಿಲ್ಲ. ಆ ಹನ್ನೊಂದು ಸೆಕೆಂಡ್ ಆದ್ಮೇಲೆ ನಂಗೆ ಕಣ್ಣು ಮಂಜಾಗಿತ್ತು. ಒಂದೇ ಸಲ ನೋಡಿದ್ದು."

ಆ ಚಿತ್ರ ಓಡಿರಲಿಲ್ಲ. ಟಿವಿಗೆ ಬರಲಿಲ್ಲ, ಡಿಸ್ಕಿಗೂ ಬರಲಿಲ್ಲ. ಇರೋ ಒಂದೇ ಪ್ರತಿ ಪ್ಯಾರಿಸ್ಸಿನ ಒಂದು ಸಂಗ್ರಹದಲ್ಲಿದೆ. ಅವರು ಖಾಸಗಿಯವರಿಗೆ ಕೊಡಲ್ಲ. ಯಾವುದಾದರೂ ಸರ್ಕಾರಿ ಸಂಸ್ಥೆ "ಇದು ಅತ್ಯುತ್ತಮ ಚಿತ್ರ" ಅಂತ ಅಧಿಕೃತವಾಗಿ ಬರೆದುಕೊಟ್ರೆ ಮಾತ್ರ ಕಳಿಸ್ತಾರೆ. ಕಣ್ಣು ಪೂರ್ತಿ ಹೋಗೋ ಮುಂಚೆ ಅಣ್ಣ ಓಡಾಡೋದನ್ನ ಇನ್ನೊಂದ್ಸಲ ನೋಡ್ಬೇಕು. ಮದಾಂ ರಾಬಾತ್ ಅವರ ಅರ್ಜಿಯಲ್ಲಿದ್ದದ್ದು ಇಷ್ಟೇ.

"ಅಯ್ಯೋ, ನಮ್ಮದೇನೂ ಅಭ್ಯಂತರ ಇಲ್ಲ," ಅಂದ್ರು ಮದಾಂ ಲಕೊಸಾದ್. "ಆದ್ರೆ ಅದು ಅತ್ಯುತ್ತಮ ಚಿತ್ರ ಆಗ್ಬೇಕಾದ್ರೆ ಒಂದು ರಸ್ತೆ ಬೇಕಲ್ಲ?"

ಜಿಲ್ಲಾ ರಸ್ತೆ ಇಂಜಿನಿಯರನ್ನ ಕರೆಸಿದ್ರು. ಅವರು ಮೂರು ದಿನ ಅಳತೆ ಮಾಡಿ ವರದಿ ಕೊಟ್ರು: ಕಲಾತ್ಮಕ ದೃಷ್ಟಿಯಿಂದ ಆರನೇ ಚಿತ್ರಕ್ಕೆ ಅವಕಾಶವಿದೆ, ಸ್ಮಶಾನದ ರಸ್ತೆ ಮತ್ತು ಡಿಪೊ ರಸ್ತೆಯ ನಡುವೆ, ಎಂಟು ಮೀಟರ್ ಅಗಲ. ಆ ಎಂಟು ಮೀಟರಿನಲ್ಲಿ ಸದ್ಯಕ್ಕೆ ಕೋಸು ಬೆಳೆದಿದೆ.

ಮದಾಂ ರಾಬಾತ್ ಒಂದು ರಾತ್ರಿ ಯೋಚನೆ ಮಾಡಿ ಜಾಗ ಬಿಟ್ಟುಕೊಡೋ ಪತ್ರಕ್ಕೆ ಸಹಿ ಹಾಕಿದ್ರು. ಪಕ್ಕದ ಮನೆಯ ಒನೊರೇ, ಬಸ್ ಓಡಿಸಿ ನಿವೃತ್ತಿ ಆದವರು, ಬೇಲಿ ಮೇಲಿಂದ ಬೈದ್ರು.

"ಯೂಜೆನಿ, ನಿಂಗೆ ತಲೆ ಕೆಟ್ಟಿದ್ಯಾ? ನಿಮ್ಮಪ್ಪ ಹದ ಮಾಡಿದ ಮಣ್ಣು ಕಣೇ ಅದು."

"ಮಣ್ಣು ಎಲ್ಲಿಗ್ ಹೋಗುತ್ತೆ? ಟಾರಿನ ಕೆಳಗೆ ಇರುತ್ತೆ."

"ಕೋಸು?"

"ನಿಂಗೆ ಎರಡು ಕೊಡ್ತೀನಿ, ಬಾಯ್ಮುಚ್ಚು."

ಟಾರು ಹಾಕೋ ಹಿಂದಿನ ದಿನ ಇಂಜಿನಿಯರ್ ಮತ್ತೆ ಬಂದ್ರು. ರಸ್ತೆ ಅಂದ್ಮೇಲೆ ಅದು ಎಲ್ಲಿಗಾದ್ರೂ ಹೋಗ್ಬೇಕು, ಎಲ್ಲಿಗೂ ಹೋಗದ ರಸ್ತೆಗೆ ನಿಯಮದಲ್ಲಿ ಅವಕಾಶ ಇಲ್ಲ ಅಂದ್ರು. ಈ ರಸ್ತೆ ಹೋಗೋದು ಮದಾಂ ರಾಬಾತ್ ಅವರ ಕೋಳಿಗೂಡಿಗೆ. ಆದ್ದರಿಂದ ಕೋಳಿಗೂಡನ್ನ ಒಂದು ಊರು ಅಂತ ದಾಖಲೆ ಮಾಡಿ, "ಕೋಳಿಗೂಡು, 40 ಮೀಟರ್" ಅಂತ ಬೋರ್ಡ್ ಹಾಕಿದ್ರು. ಜನಸಂಖ್ಯೆ ಕಾಲಂ ಖಾಲಿ ಬಿಡಬಾರದು ಅಂತ ಕೋಳಿ ಎಣಿಸಿ ಏಳು ಅಂತ ಬರೆದ್ರು. ಮುಂದಿನ ಚುನಾವಣೆಗೆ ಮತಗಟ್ಟೆ ಬೇಕೋ ಬೇಡವೋ ಅನ್ನೋ ಕಡತ ಇನ್ನೂ ಓಡಾಡ್ತಿದೆ.

ಹೀಗೆ ಕೊಸ್ತೆಲ್ ಅವರ ಅತ್ಯುತ್ತಮ ಚಿತ್ರಗಳು ಆರಾದವು. ಪ್ಯಾರಿಸ್ಸಿಂದ ಫಿಲ್ಮ್ ಡಬ್ಬಿ ಬಂತು. ಆಗ ಗುಮಾಸ್ತರೊಬ್ಬರು, ಡಬ್ಬಿ ಎಲ್ಲಿ ಇಡೋದು, ತೋರ್ಸೋದೆಲ್ಲಿ ಅಂತ ಕೇಳಿದ್ರು. ಊರಿಗೆ ಇದ್ದದ್ದು ಒಂದೇ ಟಾಕೀಸು. ಸರ್ಕಲ್ ಕಟ್ಟಿದ್ದು ಅದನ್ನ ಕೆಡವಿದ ಜಾಗದಲ್ಲಿ. ಸಿನಿಮಾ ನಟನ ಗೌರವಕ್ಕೆ ಟಾಕೀಸಿನ ಜಾಗಕ್ಕಿಂತ ಸೂಕ್ತ ಜಾಗ ಯಾವುದಿದೆ ಅಂತ ಮದಾಂ ಲಕೊಸಾದ್ ಶಂಕುಸ್ಥಾಪನೆ ದಿನ ಕೇಳಿದ್ರು. ಎಲ್ಲರೂ ಚಪ್ಪಾಳೆ ತಟ್ಟಿದ್ವಿ, ನಾನೂ ತಟ್ಟಿದ್ದೆ.

"ಹಾಗಾದ್ರೆ ಸರ್ಕಲ್ಲಲ್ಲೇ ತೋರಿಸೋಣ," ಅಂದ್ರು ಮೇಯರ್.

ಸೂಪರ್‌ಮಾರ್ಕೆಟ್ ಮಾಲೀಕರು ಸರ್ಕಲ್ ಮಧ್ಯೆ ನಿಲ್ಲಿಸೋಕೆ ಹಗಲಲ್ಲೂ ಕಾಣೋ ದೊಡ್ಡ ಪರದೆ ದಾನ ಕೊಟ್ರು. ದಾನ ಕೊಟ್ಟವರ ಕಡೆಗೆ ಅದರ ಮುಖ. ಬೆನ್ನಿನ ಮೇಲೆ ಆ ವಾರದ ಹಂದಿತೊಡೆಯ ರಿಯಾಯ್ತಿ ದರ. ಡಬ್ಬಿಯಲ್ಲಿರೋದನ್ನ ಪರದೆಗೆ ಬರೋ ಹಾಗೆ ಮಾಡೋಕೆ ತಜ್ಞರು ಬಂದ್ರು, ಹೋದ್ರು. ಆಮೇಲೆ ಈ ಆದೇಶ ಹೊರಬಿತ್ತು:

"ಬೊರ್ಗೆನಾಕ್ ಪುರಸಭೆ. ಚಲನಚಿತ್ರ ಪ್ರದರ್ಶನ ಮತ್ತು ಸಂಚಾರ ಆದೇಶ. ವೃತ್ತದ ಮಧ್ಯಭಾಗಕ್ಕೆ ಪಾದಚಾರಿಗಳ ಪ್ರವೇಶವನ್ನು ನಿಷೇಧಿಸಲಾಗಿರುವುದರಿಂದ, ಪ್ರೇಕ್ಷಕರು ವಾಹನದಲ್ಲಿ ಕುಳಿತೇ ಚಿತ್ರ ವೀಕ್ಷಿಸತಕ್ಕದ್ದು. ವೃತ್ತದಲ್ಲಿ ವಾಹನ ನಿಲ್ಲಿಸುವುದನ್ನು ನಿಷೇಧಿಸಲಾಗಿರುವುದರಿಂದ, ಪ್ರೇಕ್ಷಕರು ಚಿತ್ರ ಮುಗಿಯುವವರೆಗೆ ಸುತ್ತುತ್ತಿರತಕ್ಕದ್ದು. ಹಿಮ್ಮುಖವಾಗಿ ಸುತ್ತಿ ಚಿತ್ರ ವೀಕ್ಷಿಸುವುದು ಅಪರಾಧ. ಭಾವೋದ್ವೇಗದ ಸಂದರ್ಭದಲ್ಲಿ ಎಡಬದಿಯ ಸೂಚನಾ ದೀಪ ಬಳಸಬಹುದು."

ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ. ಟಾಕೀಸಲ್ಲೂ ಸಿಗರೇಟು ಸೇದಬಾರದು, ಕಾಲು ಚಾಚಬಾರದು ಅಂತ ಇತ್ತಲ್ಲ ಅಂದ್ರು.

ಮದಾಂ ರಾಬಾತ್ ಅವರನ್ನ ಕಾರಲ್ಲಿ ಕರ್ಕೊಂಡು ಹೋಗ್ಬೇಕಿದ್ದ ಒನೊರೇ, ಗಡಿಯಾರ ಹಿಡ್ಕೊಂಡು ಶನಿವಾರ ಪೂರ್ತಿ ಸರ್ಕಲ್ ಸುತ್ತಿ ಅಭ್ಯಾಸ ಮಾಡಿದ್ರು. ಒಂದು ಸುತ್ತಿಗೆ ಇಪ್ಪತ್ತೆರಡು ಸೆಕೆಂಡು. ಅದರಲ್ಲಿ ಪರದೆಯ ಮುಖ ಕಾಣೋದು ಹನ್ನೊಂದು ಸೆಕೆಂಡು, ಇನ್ನು ಹನ್ನೊಂದು ಸೆಕೆಂಡು ಹಂದಿತೊಡೆ. ಮಾರ್ಸೋ ಬರೋದು ನಲವತ್ತೊಂದನೇ ನಿಮಿಷ ಮುಗಿದ ತಕ್ಷಣ ಅಂತ ಡಬ್ಬಿ ಜೊತೆ ಬಂದ ಚೀಟಿ ನೋಡಿ ಗುಮಾಸ್ತರು ಹೇಳಿದ್ರು.

"ದೇವ್ರೇ ಅಳತೆ ತಗೊಂಡ ಹಾಗಿದೆ ಕಣೇ ಯೂಜೆನಿ. ಸ್ಮಶಾನದ ಬೋರ್ಡ್ ಹತ್ರ ನಲವತ್ತೊಂದು ಮುಗೀಬೇಕು. ಅಲ್ಲಿಂದ ಪೂರ್ತಿ ಹನ್ನೊಂದೂ ನಿಂದೇ."

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಚಿತ್ರ ಶುರುವಾಯ್ತು. ಮೂವತ್ತೊಂದು ಕಾರು, ಎರಡು ಟ್ರ್ಯಾಕ್ಟರ್. ಎಲ್ಲಕ್ಕಿಂತ ಮುಂದೆ ಮೇಯರ್ ಕಾರು. ನಾವು ಅಪ್ಪನ ಕಾರಲ್ಲಿ ಒನೊರೇ ಹಿಂದೆಯೇ ಇದ್ವಿ. ಒನೊರೇ ಪಕ್ಕದ ಸೀಟಲ್ಲಿ ಮದಾಂ ರಾಬಾತ್ ತಲೆ ಬಾಚ್ಕೊಂಡು, ಕಿವಿಗೆ ಮುತ್ತು ಹಾಕ್ಕೊಂಡು, ಕನ್ನಡಕ ಒರೆಸಿ ಒರೆಸಿ ಇಟ್ಕೊಳ್ತಿದ್ರು. ನಲವತ್ತು ನಿಮಿಷ ಎಲ್ಲ ನಿಯಮದ ಪ್ರಕಾರ ಸುತ್ತಿದ್ವಿ. ಕಥೆ ಅರ್ಧ ಅರ್ಧ ಅರ್ಥ ಆಗ್ತಿತ್ತು, ಅಂದ್ರೆ ಸಾಮಾನ್ಯವಾಗಿ ಆಗೋದಕ್ಕಿಂತ ಕಮ್ಮಿ ಏನಲ್ಲ.

ನಲವತ್ತೊಂದನೇ ನಿಮಿಷದ ನಡುವೆ ಪತ್ರಿಕೆಯವರು ಬಂದ್ರು. ತಡವಾಗಿ ಬಂದಿದ್ರು. ಮೇಯರ್ ಕಿಟಕಿ ಇಳಿಸಿ, ಕೈ ಎತ್ತಿ, ಫೋಟೋಗೋಸ್ಕರ ಕಾರು ನಿಲ್ಲಿಸಿದ್ರು. ಸುತ್ತಲೂ ಕಾರೇ ಇದ್ದದ್ದರಿಂದ ಪೂರ್ತಿ ಸರ್ಕಲ್ ನಿಂತ್ಹೋಯ್ತು. ಒನೊರೇ ಕಾರು ನಿಂತದ್ದು ಹಂದಿತೊಡೆಯ ನೇರಕ್ಕೆ.

"ಒನೊರೇ, ನಡಿಯಪ್ಪಾ!"

"ಎಲ್ಲಿಗ್ ನಡೀಲಿ? ಮೇಯರ್ ಮೇಲೆ ಹತ್ತಿಸ್ಲಾ?"

"ಹತ್ತಿಸು!"

ಮದಾಂ ರಾಬಾತ್ ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ರು. ಠಾಣೆ ಮುಖ್ಯಸ್ಥರು ಸೀಟಿ ಊದಿದ್ರು.

"ಮದಾಂ, ಪ್ರೇಕ್ಷಕರು ಇಳಿಯೋ ಹಾಗಿಲ್ಲ!"

"ನಮ್ಮಣ್ಣ ಆ ಕಡೆ ಇದ್ದಾನೆ ಕಣಯ್ಯಾ!"

"ಯಾರಿದ್ರೂ ಅಷ್ಟೆ. ಇಳಿದ್ರೆ ನೀವು ಪಾದಚಾರಿ ಆಗ್ತೀರ."

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಕೊಸ್ತೆಲ್ ದನಿ ದಾರಿ ಕೇಳ್ತು. ಆಮೇಲೆ ಮೌನ. ಮಾರ್ಸೋಗೆ ಮಾತಿಲ್ಲವಲ್ಲ. ಆ ಮೌನದಲ್ಲಿ ಒನೊರೇ ಕಿಟಕಿಯಿಂದ ಸೊಂಟದವರೆಗೂ ಹೊರಗೆ ಬಂದು, ಬಸ್ ಸ್ಟ್ಯಾಂಡಲ್ಲಿ ಕೂಗೋ ಹಾಗೆ ಕೂಗಿದ್ರು: "ಆ ಕಡೆಯೋರು ಯಾರಾದ್ರೂ ಹೇಳ್ರೋ! ಬಂದ್ನಾ?"

ಪರದೆ ಮುಂದೆ ನಿಂತಿದ್ದ ಕಾರಿಂದ ಬೇಕರಿಯವಳು ಕೂಗಿದಳು: "ಬಂದ! ಬಾವಿಕಟ್ಟೆಯಿಂದ ಎದ್ದ!"

ಅವಳ ಹಿಂದಿನ ಟ್ರ್ಯಾಕ್ಟರಿನವನು ಅದನ್ನ ಈ ಕಡೆಗೆ ದಾಟಿಸಿದ: "ಎದ್ನಂತೆ!"

"ಟೋಪಿ ತೆಗೀತಿದಾನೆ!"

"ಟೋಪಿ ತೆಗೀತಿದಾನಂತೆ!"

"ಯಾವ ಕೈಲಿ?" ಅಂತ ಮದಾಂ ರಾಬಾತ್ ಕೇಳಿದ್ರು. ದನಿ ಅಷ್ಟು ದೊಡ್ಡದಾಗಿ ಬರಲಿಲ್ಲ. ನಾನು ತಲೆ ಹೊರಗೆ ಹಾಕಿ ಕೂಗಿದೆ. ಯಾವ ಕೈಲಿ?

"ಎಡಗೈಲಿ!"

"ಹಾಗಾದ್ರೆ ಅವನೇ," ಅಂತ ಹೇಳಿ ಅವರು ಕಾಲು ಒಳಗೆ ಎಳ್ಕೊಂಡು ಬಾಗಿಲು ಹಾಕಿದ್ರು.

ಮೇಯರ್ ಕಾರು ಹೊರಟಿತು. ನಾವು ಪರದೆ ಮುಂದೆ ಬರೋ ಹೊತ್ತಿಗೆ ಖಾಲಿ ಬಾವಿ ಇತ್ತು. ಮುಂದಿನ ಐವತ್ತೆರಡು ನಿಮಿಷ ಒನೊರೇ ಎಡದ ದೀಪ ಮಿನುಗಿಸ್ತಾನೇ ಇದ್ರು. ಆದೇಶದಲ್ಲಿ ಅದಕ್ಕೆ ಅವಕಾಶ ಇದೆ. ಡಬ್ಬಿ ಮಾರನೇ ದಿನವೇ ಪ್ಯಾರಿಸ್ಸಿಗೆ ವಾಪಸ್ ಹೋಯ್ತು, ಚಿತ್ರದ ನಕಲು ಇಟ್ಕೊಳ್ಳೋ ಹಾಗಿರಲಿಲ್ಲ.

ಬುಧವಾರ ಮದಾಂ ಲಕೊಸಾದ್ ಒಂದು ನಮೂನೆ ಹಿಡ್ಕೊಂಡು ಮದಾಂ ರಾಬಾತ್ ಮನೆಗೆ ಬಂದ್ರು. ಅರ್ಜಿದಾರರು ಚಿತ್ರವನ್ನು "ನೋಡಿದ್ದಾರೆ" ಅಥವಾ "ನೋಡಿಲ್ಲ", ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು.

"ನೋಡಿಲ್ಲ ಅಂತ ಹಾಕಿದ್ರೆ?"

"ಪಟ್ಟಿ ಮರುಪರಿಶೀಲನೆಗೆ ಹೋಗುತ್ತೆ ಮದಾಂ. ಅರ್ಜಿದಾರರೇ ನೋಡದ ಚಿತ್ರ ಅತ್ಯುತ್ತಮ ಹೇಗಾಗುತ್ತೆ? ಚಿತ್ರ ಹೋದ್ರೆ ರಸ್ತೆ ಹೋಗುತ್ತೆ."

"ಕೋಸಿನ ಜಾಗ ವಾಪಸ್ ಬರುತ್ತಾ?"

"ಛೆ, ಇಲ್ಲ. ಅದು ರದ್ದಾದ ರಸ್ತೆ ಆಗುತ್ತೆ."

ಮದಾಂ ರಾಬಾತ್ ನಮೂನೆಯನ್ನ ಕಣ್ಣ ಹತ್ತಿರ ಹಿಡ್ಕೊಂಡ್ರು. ಆಮೇಲೆ "ನೋಡಿದ್ದಾರೆ" ಅನ್ನೋದಕ್ಕೆ ಗುರುತು ಹಾಕಿದ್ರು. ಕೆಳಗೆ "ಇತರೆ ವಿವರಗಳಿದ್ದಲ್ಲಿ" ಅನ್ನೋ ಕಡೆ ದೊಡ್ಡ ಅಕ್ಷರದಲ್ಲಿ ಬರೆದ್ರು: ಎಡಗೈಲಿ ಟೋಪಿ ತೆಗೆದ.

ಘಟನೆ ನಡೆದದ್ದು ವೃತ್ತದಲ್ಲಿ ಆದ್ದರಿಂದ ನಮೂನೆ ಜಿಲ್ಲಾ ರಸ್ತೆ ಸುರಕ್ಷತಾ ಕಚೇರಿಗೆ ಹೋಯ್ತು. ಎರಡು ತಿಂಗಳಲ್ಲಿ ಉತ್ತರ ಬಂತು. ಇದು ಗಂಭೀರ ವಿಷಯವೆಂದೂ, ಸಂಬಂಧಪಟ್ಟ ವ್ಯಕ್ತಿಯ ವಿಳಾಸ ಲಭ್ಯವಿಲ್ಲದ ಕಾರಣ ಈ ಬಾರಿ ದಂಡ ವಿಧಿಸಿಲ್ಲವೆಂದೂ, ಇನ್ನು ಮುಂದೆ ಆರನೇ ರಸ್ತೆಯಲ್ಲಿ ಎಡಗೈಯಿಂದ ಟೋಪಿ ತೆಗೆಯುವುದನ್ನು ನಿಷೇಧಿಸಲಾಗಿದೆಯೆಂದೂ ಅದರಲ್ಲಿತ್ತು. ಜೊತೆಗೆ ಒಂದು ಫಲಕ ಕಳಿಸಿದ್ರು. ಕೆಂಪು ವೃತ್ತದೊಳಗೆ ಒಬ್ಬ ಹುಡುಗ, ಎಡಗೈ ಮೇಲೆತ್ತಿದ್ದಾನೆ, ಕೈಯಲ್ಲಿ ಟೋಪಿ, ಮೇಲೆ ಅಡ್ಡಗೆರೆ.

ಕಂಬ ನೆಟ್ಟ ದಿನ ಮದಾಂ ರಾಬಾತ್ ಕನ್ನಡಕ ಹಾಕ್ಕೊಂಡು ಹತ್ತಿರ ಹೋಗಿ ನಿಂತು ಬಹಳ ಹೊತ್ತು ನೋಡಿದ್ರು. ಮೂಗು ಅಷ್ಟು ಸರಿ ಬಂದಿಲ್ಲ, ಉಳಿದದ್ದು ಪರವಾಗಿಲ್ಲ ಅಂದ್ರು. ಈಗ ವಾರಕ್ಕೊಂದ್ಸಲ ಬಟ್ಟೆ ಒದ್ದೆ ಮಾಡ್ಕೊಂಡು ಹೋಗಿ ಅದನ್ನ ಒರೆಸ್ತಾರೆ. ಪುರಸಭೆ ಅವರನ್ನ ಫಲಕ ನಿರ್ವಹಣೆಯ ಗೌರವ ಸಹಾಯಕಿ ಅಂತ ನೇಮಕ ಮಾಡಿದೆ. ನಾವೆಲ್ಲ ಆ ರಸ್ತೆಯಲ್ಲಿ ಬಲಗೈಯಲ್ಲೇ ಟೋಪಿ ತೆಗೀತೀವಿ. ಮೇಯರ್ ಕೂಡ.